ವಾಸನೆ ಕಡಿಮೆಯಿದ್ದ ಬಣ್ಣ

ಪೀಣ್ಯದ ಹಿಂದಿರುವ ಅಂದ್ರಹಳ್ಳಿಯಲ್ಲಿ ನನ್ನ ಮನೆ. ಆಗಾಗ ಯಾರಾದರೊಬ್ಬರು ಬಂದು ಗೇಟು ತಟ್ಟುತ್ತಾರೆ. ಹೆಚ್ಚಾಗಿ ಈಗಷ್ಟೇ ಕೆಲಸಕ್ಕೆ ಇಳಿಯುತ್ತಿರುವವರು.

"ತಾತ, ಹಳೇ ಫ್ರಿಜ್ ಕಂಪ್ರೆಸರ್ ಇಟ್ಕೊಂಡು ಕಾರಿಗೆ ಪೇಂಟ್ ಹೊಡೀತಿದ್ದಿದ್ದು ನೀವೇನಾ?"

"ಹೊಡೀತಿದ್ದೆ ಕಣಪ್ಪಾ. ಈಗ ಬಿಟ್ಟಿದ್ದೀನಿ."

"ಮೊಬೈಲಲ್ಲಿ ಒಬ್ಬ ವ್ಯಾಕ್ಯೂಮ್ ಕ್ಲೀನರಲ್ಲೇ ಹೊಡೀತಾನೆ ತಾತ. ಸಕ್ಕತ್ತಾಗ್ ಬರ್ತದೆ. ಆಗುತ್ತಾ ಅದು?"

ಆಗುತ್ತದೆ. ನಾನೂ ಮಾಡಿದ್ದೇನೆ. ಗಾಳಿಯ ಒತ್ತಡ ಎಷ್ಟಿರಬೇಕು, ಥಿನ್ನರ್ ಎಷ್ಟು ಬೆರೆಸಬೇಕು, ಸ್ಪ್ರೇ ಗನ್ನನ್ನು ತಗಡಿನಿಂದ ಎಷ್ಟು ದೂರ ಹಿಡಿಯಬೇಕು ಎಂದು ಕೇಳುತ್ತಾರೆ, ಹೇಳಿ ಕಳಿಸುತ್ತೇನೆ. ಗೇಟಿನ ಬಳಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿರುವುದು ಹೈಸ್ಕೂಲಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಪ್ಯಾನೆಲ್ಲುಗಳ ತಗಡಿನ ಪೆಟ್ಟಿಗೆಗಳಿಗೆ ಬಣ್ಣ ಹೊಡೆಯುವುದು ನನ್ನ ಕೆಲಸವಾಗಿತ್ತು. ಎಲ್ಲ ಪೆಟ್ಟಿಗೆಗೂ ಒಂದೇ ಬೂದು ಬಣ್ಣ. ಅಲ್ಲಿ ನನಗೆ ಗನ್ ಹಿಡಿಯಲು ಕಲಿಸಿದವರು ಫೋರ್‌ಮನ್ ರಾಮಲಿಂಗಂ. ತಮಿಳಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದರು. "ಏಯ್ ಹನುಮಂತು, ಪೇಂಟ್ ಹೊಡೆಯೋದು ಕಣ್ಣಲ್ಲಿ ಅಲ್ಲಪ್ಪಾ, ಕಿವೀಲಿ. ಗನ್ ಸದ್ದು ಕೇಳು. ಹಾವು ಬುಸ್ ಅಂದಂಗೆ ಒಂದೇ ಸಮ ಇರ್ಬೇಕು. ಉಗುಳಿದಂಗೆ ಬಂದ್ರೆ ನಿಲ್ಸು" ಎನ್ನುತ್ತಿದ್ದರು. ಅವರದು ಒಂದು ಕಟ್ಟುನಿಟ್ಟು ಇತ್ತು. ಬಣ್ಣ ಹೊಡೆಯುವ ಕೋಣೆಯಲ್ಲಿ ಗನ್ ಹಿಡಿದವನು ಒಬ್ಬನೇ ಇರಬೇಕು, ಅವನ ಮುಖಕ್ಕೆ ಮಾಸ್ಕ್ ಇರಬೇಕು. ಇನ್ನೊಬ್ಬ ಕಾಲಿಟ್ಟರೆ ಗನ್ ಕೆಳಗಿಡಬೇಕು.

ಒಮ್ಮೆ ಮ್ಯಾನೇಜರೇ ಕರವಸ್ತ್ರ ಮೂಗಿಗಿಟ್ಟುಕೊಂಡು ಒಳಗೆ ಬಂದರು. ಲೋಡು ಹೋಗಬೇಕು, ಲಾರಿ ಕಾಯುತ್ತಿದೆ. ರಾಮಲಿಂಗಂ ಗನ್ ಕೆಳಗಿಟ್ಟು ಕೈಕಟ್ಟಿ ನಿಂತರು.

"ಯಾಕ್ರೀ ನಿಲ್ಲಿಸಿದ್ರಿ?"

"ನೀವು ಹೊರಗೆ ಹೋಗಿ ಸಾರ್, ಹೊಡೀತೀನಿ."

ಮ್ಯಾನೇಜರ್ ಕೆಂಪಗಾದರು. ಹೋಗುವವರೆಗೂ ರಾಮಲಿಂಗಂ ಗನ್ ಮುಟ್ಟಲಿಲ್ಲ. ನಾವೆಲ್ಲ ಆಮೇಲೆ ಕ್ಯಾಂಟೀನಿನಲ್ಲಿ ಅದನ್ನು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನು ಅವರಿಂದ ಗನ್ನಿನ ಸದ್ದು ಕಲಿತೆ. ಇನ್ನೊಂದನ್ನು ಕಲಿಯಲಿಲ್ಲ.

ಕಾರಿಗೆ ಬಣ್ಣ ಹೊಡೆಯುವ ಹುಚ್ಚು ಹಿಡಿದದ್ದು ಆ ಬೂದು ಬಣ್ಣ ಬೇಸರವಾಗಿ. ಮೊದಲು ಭಾನುವಾರಗಳಲ್ಲಿ ಮಾತ್ರ, ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ದಿನವೂ, ಮನೆಯ ಹಿಂದಿನ ಖಾಲಿ ಜಾಗದಲ್ಲಿ. ಸೊಳ್ಳೆ ಔಷಧಿ ಹೊಡೆಯುವ ಕೈಪಂಪಿನಿಂದ ಶುರುಮಾಡಿದೆ. ಅದರಲ್ಲಿ ಸ್ಕೂಟರಿನ ಮಡ್‌ಗಾರ್ಡಿಗೆ ಹೊಡೆದರೆ ಬಣ್ಣ ಬೆವರಿನಂತೆ ಹನಿಹನಿಯಾಗಿ ಕೂತಿತು. ಆಮೇಲೆ ಗುಜರಿಯಲ್ಲಿ ಒಂದು ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿತು. ಹಿಂಬದಿಯಿಂದ ಗಾಳಿ ಊದುವಂಥದ್ದು, ಜೊತೆಗೆ ಬಣ್ಣ ತುಂಬುವ ಪುಟ್ಟ ಡಬ್ಬಿ ಬೇರೆ. ನಿವೃತ್ತ ಮೇಷ್ಟರೊಬ್ಬರ ಬಿಳಿ ಅಂಬಾಸಿಡರಿಗೆ ಅದರಲ್ಲಿ ಹೊಡೆದೆ. ಒಳಗಿದ್ದ ಕಸದ ಚೀಲ ಹರಿದಿದ್ದು ನೋಡಿರಲಿಲ್ಲ. ಯಾರದೋ ಮನೆಯ ಎಷ್ಟೋ ವರ್ಷದ ದೂಳು, ಕೂದಲು, ಬಣ್ಣದ ಜೊತೆ ಹೋಗಿ ಬಾನೆಟ್ಟಿನ ಮೇಲೆ ಅಂಟಿಕೊಂಡಿತು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಏನಪ್ಪಾ ಇದು, ಕಾರಿಗೆ ಮೀಸೆ ಬಂದಿದೆಯಲ್ಲ?" ಅಂದರು. ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹೊಡೆದೆ.

ಆಮೇಲೆ ಬಂದದ್ದು ಫ್ರಿಜ್ಜಿನ ಕಂಪ್ರೆಸರ್. ಹಳೆಯ ಬೆಂಕಿ ಆರಿಸುವ ಸಿಲಿಂಡರಿಗೆ ಅದನ್ನು ಜೋಡಿಸಿ, ಗಾಳಿ ತುಂಬಿಸಿ, ನಿಜವಾದ ಗನ್ ಸಿಕ್ಕಿಸಿದೆ. ಫ್ರಿಜ್ ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆಯನ್ನೂ ಕಕ್ಕುತ್ತದೆ. ಎಣ್ಣೆ ಬಿದ್ದ ಕಡೆ ಬಣ್ಣ ಹಿಂದೆ ಸರಿದು ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ. ಕೆಲವು ತಿಂಗಳು ಅದರ ಕಾರಣ ತಿಳಿಯದೆ ಒದ್ದಾಡಿದ್ದೇನೆ. ಗಾಳಿಯ ದಾರಿಯಲ್ಲಿ ಎಣ್ಣೆ ಹಿಡಿಯುವ ಫಿಲ್ಟರ್ ಹಾಕದೆ ಯಾರೂ ಅದನ್ನು ಬಳಸಬೇಡಿ.

ಬಣ್ಣಕ್ಕೆ ದೊಡ್ಡ ಶತ್ರು ದೂಳು. ನಮ್ಮ ರಸ್ತೆಯಲ್ಲಿ ಲಾರಿಗಳ ಓಡಾಟ ಜಾಸ್ತಿ. ಅದಕ್ಕೆ ಉಪಾಯ ಹುಡುಕಿದವಳು ನನ್ನ ಹೆಂಡತಿ ಗಂಗಮ್ಮ. ನಾಲ್ಕು ಕಡೆ ತಂತಿ ಕಟ್ಟಿಸಿ, ತನ್ನ ಹಳೆಯ ಹತ್ತಿ ಸೀರೆಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಉದ್ದಕ್ಕೂ ಇಳಿಬಿಟ್ಟಳು. ನೆಲಕ್ಕೆ ನೀರು ಚಿಮುಕಿಸಿದಳು. ಮೇಲೆ ಟಾರ್ಪಾಲು. ಸೀರೆಯ ಕೋಣೆಯೊಳಗೆ ಕಾರು. ಹೊರಗಿನ ದೂಳೆಲ್ಲ ಒದ್ದೆ ಸೀರೆಗೆ ಅಂಟಿಕೊಂಡು ಒಳಗಿನ ಗಾಳಿ ತಣ್ಣಗೆ ನಿಂತುಬಿಡುತ್ತಿತ್ತು.

ಒಳಗೆ ಬೆಳಕು ಸಾಲದು. ಬಣ್ಣ ಎಲ್ಲಿ ಒದ್ದೆಯಾಗಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಕಾಣಬೇಕಾದರೆ ಪಕ್ಕದಿಂದ ಓರೆಯಾಗಿ ದೀಪ ಬೀಳಬೇಕು. ದೀಪ ಹಿಡಿದು ಗಂಗಮ್ಮ ನನ್ನ ಜೊತೆ ಜೊತೆಗೇ ನಡೆಯುತ್ತಿದ್ದಳು. ಅವಳ ಕಣ್ಣು ನನಗಿಂತ ಚುರುಕು.

"ಅಲ್ಲಿ ಬುಟ್ಬುಟ್ರಿ ನೋಡಿ. ಬಾಗ್ಲು ಕೆಳ್ಗೆ."

"ಎಲ್ಲೇ?"

"ಅಯ್ಯೋ, ಇಲ್ಲಿ ಕಣ್ರೀ. ಕಾರ್ಖಾನೇಲಿ ಇಂಗೇ ಒಡೀತಿದ್ರಾ? ಅದೆಂಗ್ ಸಂಬ್ಳ ಕೊಟ್ರು ನಿಮ್ಗೆ!"

ಕಾರ್ಖಾನೆಯಿಂದ ತಂದ ಮಾಸ್ಕ್ ಒಂದಿತ್ತು. ಎರಡು ಕೆನ್ನೆಗೆ ಎರಡು ಡಬ್ಬಿಯಿರುವಂಥದ್ದು. ಅದನ್ನು ನಾನು ಹಾಕಿಕೊಳ್ಳುತ್ತಿದ್ದೆ. ಅವಳು ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಿದ್ದಳು. ಇನ್ನೊಂದು ಮಾಸ್ಕ್ ತರಬೇಕೆಂದು ಅಷ್ಟು ವರ್ಷಗಳಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ. ಹೊಳೆದೂ ತರದೆ ಬಿಟ್ಟಿದ್ದರೆ ಜಿಪುಣತನ ಎನ್ನಬಹುದಿತ್ತು. ಹೊಳೆಯಲೇ ಇಲ್ಲ.

ಆಗ ನಾವು ಹೊಡೆಯುತ್ತಿದ್ದದ್ದು ಬೇಗ ಒಣಗುವ ಹಳೆಯ ಬಗೆಯ ಬಣ್ಣ. ಅದರ ಥಿನ್ನರಿನ ವಾಸನೆ ಬೀದಿ ತುದಿಯವರೆಗೂ ಹೋಗುತ್ತಿತ್ತು. ಕಣ್ಣಲ್ಲಿ ನೀರು, ತಲೆಯಲ್ಲಿ ಸುತ್ತು. ಪಕ್ಕದ ಮನೆಯ ವೆಂಕಟೇಶಪ್ಪ ಕಾಂಪೌಂಡಿನ ಮೇಲೆ ತಲೆ ಹಾಕಿ, "ಏನ್ ಯಜಮಾನ್ರೇ, ನಮ್ಮನೇ ಉಪ್ಸಾರು ಪೇಂಟ್ ರುಚಿ ಒಡೀತದಲ್ಲ! ಕಂಪ್ಲೇಂಟ್ ಕೊಡ್ಲಾ?" ಎನ್ನುತ್ತಿದ್ದ. ಅರ್ಧ ತಮಾಷೆ, ಅರ್ಧ ನಿಜ.

ಆಮೇಲೆ ಹೊಸ ಬಣ್ಣ ಬಂತು. ಎರಡು ಡಬ್ಬಿ. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡ್ನರ್ ಎಂಬ ನೀರಿನಂಥ ದ್ರವ. ಎರಡನ್ನೂ ಬೆರೆಸಿ ಹೊಡೆದರೆ ಗಾಜಿನಂತೆ ಗಟ್ಟಿಯಾಗುತ್ತದೆ. ಪಾಲಿಶ್ ಬೇಕಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಹಳೆಯದಕ್ಕೆ ಹೋಲಿಸಿದರೆ ಇದಕ್ಕೆ ವಾಸನೆಯೇ ಇಲ್ಲವೆನ್ನಬೇಕು. ಮೊದಲ ದಿನ ಗಂಗಮ್ಮ ಸೆರಗು ತೆಗೆದು ಮೂಸಿ ನೋಡಿ, "ಇದು ಪರ್ವಾಗಿಲ್ಲ ಕಣ್ರೀ. ತಲೆನೋವಿಲ್ಲ" ಅಂದಳು. ವೆಂಕಟೇಶಪ್ಪ ತಲೆ ಹಾಕುವುದನ್ನು ಬಿಟ್ಟ. "ಬಿಸ್ನೆಸ್ ನಿಲ್ಸಿಬಿಟ್ರಾ ಹೆಂಗೆ?" ಎಂದು ಒಮ್ಮೆ ಕೇಳಿದ.

ಹುಡುಗರೇ, ನಮ್ಮಂಥವರು ವಿಷವನ್ನು ಅಳೆಯುವುದು ಮೂಗಿನಿಂದ. ಘಾಟು ಬಂದರೆ ಕೆಟ್ಟದ್ದು, ಬರದಿದ್ದರೆ ಒಳ್ಳೆಯದು. ಈ ಲೆಕ್ಕವನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ತಪ್ಪೆಂದೂ ಯಾರೂ ಹೇಳಲಿಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು. ಬೆರೆಸುವ ಅಳತೆ ಇರುವ ಸಾಲನ್ನು ಓದಿಕೊಂಡು ಉಳಿದದ್ದನ್ನು ಬಿಟ್ಟೆ. ವಾಸನೆಯಿಲ್ಲವೆಂದು ಗಂಗಮ್ಮ ಸೆರಗು ಕಟ್ಟುವುದನ್ನೂ ಬಿಟ್ಟಳು.

ಹೊಸ ಬಣ್ಣದಿಂದ ನನ್ನ ಹೆಸರು ಹರಡಿತು. ವೈಟ್‌ಫೀಲ್ಡಿನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಅಪ್ಪನ ಕಾಲದ ಕಾರು ಇಟ್ಟುಕೊಂಡವರು ಊರೆಲ್ಲ ದಾಟಿ ನಮ್ಮ ಸಂದಿಗೆ ಬರುತ್ತಿದ್ದರು. "ಸಾರ್" ಎಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ನನ್ನನ್ನು ಯಾರೂ ಸಾರ್ ಎಂದಿರಲಿಲ್ಲ.

ಗಂಗಮ್ಮನಿಗೆ ಕೆಮ್ಮು ಶುರುವಾಯಿತು. ಚಳಿಗಾಲದ್ದು ಎಂದುಕೊಂಡೆವು. ಮೆಣಸಿನ ಕಷಾಯ ಕುಡಿದಳು. ಚಳಿಗಾಲ ಹೋಯಿತು, ಕೆಮ್ಮು ಹೋಗಲಿಲ್ಲ. ನೀರು ತುಂಬಿದ ಬಿಂದಿಗೆ ಎತ್ತಿದರೆ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು. ನಮ್ಮ ಕಡೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನನ್ನ ಕಡೆ ತಿರುಗಿ ಕೇಳಿದರು.

"ಮನೇಲಿ ಏನಾದ್ರೂ ಕೆಲ್ಸ ಮಾಡ್ತೀರಾ? ಹೊಗೆ, ಕೆಮಿಕಲ್, ಪೌಡರ್, ಅಂಥದ್ದು?"

"ಇಲ್ಲ ಸಾರ್. ನಾನು ರಿಟೈರಾದೋನು. ಮನೇಲೇನಿಲ್ಲ" ಅಂದೆ.

ಗಂಗಮ್ಮ ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು.

ಯಾಕೆ ಹಾಗಂದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎನ್ನಲಾರೆ. ಹೇಳಿದರೆ ನಿಲ್ಲಿಸಿ ಎನ್ನುತ್ತಾರೆ. ಹಿತ್ತಲಲ್ಲಿ ಒಂದು ಕಾರು ಅರ್ಧ ಆಗಿ ನಿಂತಿತ್ತು, ಅದರ ಹಿಂದೆ ಇನ್ನೆರಡಕ್ಕೆ ಮಾತು ಕೊಟ್ಟಿದ್ದೆ. ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಅಷ್ಟೇ.

ಡಾಕ್ಟರು ದೂಳಿನ ಅಲರ್ಜಿ ಎಂದರು. ಊದುಬತ್ತಿ ಹಚ್ಚಬೇಡಿ, ಕೋಳಿ ಸಾಕಿದ್ದರೆ ತೆಗೆಯಿರಿ, ಒಗ್ಗರಣೆ ಹೊಗೆಗೆ ನಿಲ್ಲಬೇಡಿ ಎಂದರು. ಅವಳು ಒಂದೊಂದನ್ನೂ ಪಾಲಿಸಿದಳು. ತವರಿನಿಂದ ಮರಿ ತಂದು ಬೆಳೆಸಿದ್ದ ನಾಟಿ ಕೋಳಿಗಳನ್ನು ತಂಗಿಯ ಮನೆಗೆ ಕಳಿಸಿದಳು. ದೇವರ ಮುಂದೆ ಊದುಬತ್ತಿಯನ್ನು ಹಚ್ಚದೆ ಹಾಗೇ ಸಿಕ್ಕಿಸಿ ಕೈಮುಗಿಯುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದಳು. ಒಗ್ಗರಣೆಯಿಲ್ಲದ ಸಾರನ್ನು ಉಂಡು ನಾನು ಹಿತ್ತಲಿಗೆ ಹೋಗಿ ಹಾರ್ಡ್ನರ್ ಬೆರೆಸುತ್ತಿದ್ದೆ. ಅವಳು ಸೀರೆ ನೆನೆಸಿ ತರುತ್ತಿದ್ದಳು.

ನಡುವೆ ತುಮಕೂರಿನಲ್ಲಿರುವ ಮಗಳು ಸವಿತಾಳ ಮನೆಗೆ ಹೋಗಿ ಒಂದು ತಿಂಗಳು ಇದ್ದಳು. ಫೋನಿನಲ್ಲಿ ಅವಳ ದನಿ ತಿಳಿಯಾಗಿತ್ತು. "ಇಲ್ಲಿ ಚೆನ್ನಾಗೈತೆ ಕಣ್ರೀ. ಮೆಟ್ಲು ಅತ್ತಿ ಇಳೀತಾ ಇವ್ನಿ" ಅಂದಳು. ವಾಪಸು ಬಂದು ಒಂದು ಕಾರಿಗೆ ದೀಪ ಹಿಡಿದ ಸಂಜೆ ಮತ್ತೆ ಸಿಳ್ಳೆ. ಕಾರ್ಖಾನೆಯಲ್ಲಿ ಬಣ್ಣ ಯಾಕೆ ಬಿರುಕು ಬಿಟ್ಟಿತು ಎಂದು ಒಂದೊಂದನ್ನೇ ತೆಗೆದು ನೋಡಿ ಕಾರಣ ಹುಡುಕಿದವನು ನಾನು. ಇದನ್ನು ಮಾತ್ರ ನೋಡಿಯೂ ನೋಡದವನಂತೆ ಇದ್ದೆ. ಅವಳಿಗೆ ಮಾತ್ರ, "ಇನ್ಮೇಲೆ ನೀನು ಒಳಗೆ ಬರ್ಬೇಡ" ಎಂದೆ. ಅದನ್ನೊಂದು ಉಪಕಾರವೆಂದುಕೊಂಡೆ.

ಕೊನೆಯ ಕಾರು ಕಾಡುಗೋಡಿಯ ಒಬ್ಬರದು. ಅವರ ತಂದೆ ಓಡಿಸುತ್ತಿದ್ದ ಕೆನೆ ಬಣ್ಣದ ಪದ್ಮಿನಿ. ವಯಸ್ಸಾದ ತಾಯಿಯನ್ನು ಒಮ್ಮೆ ಅದರಲ್ಲಿ ಕೂರಿಸಬೇಕೆಂದು ಅವರ ಆಸೆ. ಟಿಂಕರಿಂಗ್ ಮುಗಿಸಿ, ಪುಟ್ಟಿ ಹಚ್ಚಿ, ಪ್ರೈಮರ್ ಹೊಡೆದು, ಒಂದು ಪಕ್ಕ ಬಣ್ಣವನ್ನೂ ಮುಗಿಸಿದ್ದೆ. ಇನ್ನೊಂದು ಪಕ್ಕಕ್ಕೆ ಹೊಡೆಯುವಾಗ ಕೆನೆ ಬಣ್ಣದಲ್ಲಿ ಒದ್ದೆ ಯಾವುದು, ಒಣಗಿದ್ದು ಯಾವುದು ಎಂದು ಗೊತ್ತಾಗಲಿಲ್ಲ. ಬೆರೆಸಿದ ಬಣ್ಣ ಗನ್ನಿನಲ್ಲೇ ಗಟ್ಟಿಯಾಗುವ ಹೊತ್ತು ಬರುತ್ತಿತ್ತು. ಮಾಸ್ಕ್ ಎತ್ತಿ ಕೂಗಿದೆ.

"ಗಂಗಾ, ಒಂಚೂರು ದೀಪ ಹಿಡಿ ಬಾರೇ. ಒಂದೇ ಕೋಟು."

ತಾನಾಗಿಯೇ ಬಂದಳು ಎಂದು ಹೇಳಿಕೊಳ್ಳಲು ನನಗೆ ಆಗುವುದಿಲ್ಲ. ನಾನೇ ಕರೆದೆ. ಅವಳು ಕೈ ಒರೆಸಿಕೊಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡು ಬಂದು ದೀಪ ಹಿಡಿದಳು. ಹಿಂದಿನ ಬಾಗಿಲಿನವರೆಗೆ ಬಂದಿದ್ದೆವು. ದೀಪ ಅಲ್ಲಾಡಿತು. "ಸರ್ಯಾಗ್ ಹಿಡಿಯೇ" ಎಂದು ಗದರಿದೆ. ಆಮೇಲೆ ದೀಪ ನೆಲಕ್ಕೆ ಬಿತ್ತು. ಅವಳು ಒದ್ದೆ ಸೀರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಾಯಿ ತೆರೆದು ಗಾಳಿಗಾಗಿ ಎಳೆಯುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ.

ವೆಂಕಟೇಶಪ್ಪನೇ ತನ್ನ ಆಟೋದಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಆಕ್ಸಿಜನ್ ಹಾಕಿದರು. ಸ್ವಲ್ಪ ಸುಧಾರಿಸಿದ ಮೇಲೆ ಡ್ಯೂಟಿ ಡಾಕ್ಟರಮ್ಮ, "ಏನ್ ಮಾಡ್ತಿದ್ರಿ ಅಮ್ಮ? ಯಾವ್ದಾದ್ರೂ ಹೊಗೆ ಕುಡಿದ್ರಾ?" ಎಂದು ಕೇಳಿದರು. ಗಂಗಮ್ಮ ಮುಖದ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಒಂದು ಕೈಯಲ್ಲಿ ಸರಿಸಿದಳು.

"ಒಗ್ಗರ್ಣೆ ಘಾಟು ಮೇಡಂ. ಮೆಣ್ಸಿನ್ಕಾಯಿ ಸೀದೋಯ್ತು."

ನಾನು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ನನ್ನ ಅಂಗಿಯ ತೋಳಿನ ಮೇಲೆ ಕೆನೆ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಆಗಲೂ ಸುಮ್ಮನಿದ್ದೆ.

ಹೇಳಿದ್ದು ಮರುದಿನ, ದೊಡ್ಡ ಡಾಕ್ಟರು ಬಂದಾಗ. ಅವರು ಏನೂ ಕೇಳಲಿಲ್ಲ. ಫೈಲು ನೋಡಿ ಹೊರಡುತ್ತಿದ್ದವರನ್ನು ನಾನೇ ನಿಲ್ಲಿಸಿದೆ. ಸೀರೆ, ದೀಪ, ಹಾರ್ಡ್ನರ್, ಮೊದಲ ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಆ ಹಾರ್ಡ್ನರ್‌ನಲ್ಲಿರೋದಕ್ಕೆ ವಾಸನೆ ಇರಲ್ಲ ಯಜಮಾನ್ರೇ. ಒಂದ್ಸಲ ಎದೆಗೆ ಹಿಡಿದ್ರೆ ಆಮೇಲೆ ಚೂರು ಸೋಕಿದ್ರೂ ಸಾಕು. ಶುರುವಲ್ಲೇ ದೂರ ಇಟ್ಟಿದ್ರೆ..." ಎಂದು ನಿಲ್ಲಿಸಿ, ಗಂಗಮ್ಮನ ಕಡೆ ನೋಡಿ, "ಇನ್ಮೇಲೆ ಆ ಮನೇಲಿ ಇರ್ಬೇಡಿ ಅಮ್ಮ" ಎಂದರು.

ಅವರು ಹೋದ ಮೇಲೆ ಗಂಗಮ್ಮ ಹೊದಿಕೆ ಸರಿಮಾಡಿಕೊಂಡಳು. ಆಮೇಲೆ ಕೇಳಿದಳು. "ಆ ಕಾರ್ನೋರ್ಗೆ ಏನೇಳ್ತೀರಾ?"

"ಹಾಳಾಗ್ಲಿ ಬಿಡು ಕಾರು."

"ಸವಿತಂಗೆ ಏಳ್ಬೇಡಿ ಇದ್ನ."

"ಯಾಕೆ?"

"ನಾಳೆ ನಾನಿಲ್ದಿದ್ರೆ ನಿಮ್ಗೆ ಅವ್ಳೇ ತಾನೇ ಗತಿ? ಗೊತ್ತಾದ್ರೆ ಮನೆಗ್ ಸೇರ್ಸಾಳಾ?"

ಪದ್ಮಿನಿಯನ್ನು ಒಂದು ಪಕ್ಕ ಬಣ್ಣ, ಇನ್ನೊಂದು ಪಕ್ಕ ಅರ್ಧಂಬರ್ಧ ಇರುವಂತೆಯೇ ಕಾಡುಗೋಡಿಯವರು ಎಳೆಸಿಕೊಂಡು ಹೋದರು. ಅವರು ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಕಂಪ್ರೆಸರನ್ನು ಗುಜರಿಗೆ ಹಾಕಿದೆ. ಗಂಗಮ್ಮ ಮಗಳ ಮನೆ ಸೇರಿದಳು. ಈ ಸಲ ತುಮಕೂರಿನ ಗಾಳಿಯೂ ಅವಳನ್ನು ಮೊದಲಿನಂತೆ ಮಾಡಲಿಲ್ಲ. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ಉಳಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳನ್ನು ಪೇರಿಸಿ ಒರಗಿ ಕೂತೇ ನಿದ್ದೆ. ನಾನು ವಾರವಾರ ಹೋಗಿ ಬರುತ್ತಿದ್ದೆ. ಅವಳು ಬೈಯಲಿಲ್ಲ. ಬೈಯಲು ಉಸಿರು ಬೇಕಲ್ಲ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡಳು.

ಮಾತನಾಡಿಸಲು ಬಂದವರೆಲ್ಲ ಏನಾಗಿತ್ತು ಎಂದು ಕೇಳುತ್ತಿದ್ದರು. "ಅಸ್ತಮಾ" ಎನ್ನುತ್ತಿದ್ದೆ. ಆ ವರ್ಷ ಸವಿತಾಳ ಮನೆಯ ಮುಂದೆ ರಸ್ತೆ ಅಗಲ ಮಾಡುತ್ತಿದ್ದರು. ದಿನವಿಡೀ ಕೆಂಪು ದೂಳು. ಅದರಿಂದಲೇ ಅಮ್ಮ ಹೋದಳು, ನಾನು ಇಲ್ಲಿಗೆ ಕರೆಸಿಕೊಂಡಿದ್ದೇ ತಪ್ಪಾಯಿತು ಎಂದು ಮಗಳು ಬಂದವರೆದುರಿಗೆಲ್ಲ ಅಳುತ್ತಿದ್ದಳು. "ನೀನ್ ಏನ್ ಮಾಡ್ತೀಯಮ್ಮ, ಅವಳ ಹಣೆಬರಹ" ಎಂದು ಹಿರಿಯರು ಸಮಾಧಾನ ಮಾಡುತ್ತಿದ್ದರು. ನಾನು ಅದೇ ಚಾಪೆಯ ಮೇಲೆ ಕೂತು ಕೇಳುತ್ತಿದ್ದೆ. ಹೇಳಬೇಡಿ ಎಂದು ಗಂಗಮ್ಮ ಹೇಳಿದ್ದಳಲ್ಲ ಎಂಬುದು ನನಗೊಂದು ನೆಪ.

ವರ್ಷದ ಕಾರ್ಯ ಮುಗಿದ ಮೇಲೂ ಸವಿತಾ ಅದೇ ಮಾತನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ನಾನು ಊಟ ಮಾಡುವಾಗ, "ಬೇರೆ ಏರಿಯಾದಲ್ಲಿ ಮನೆ ಮಾಡಿದ್ರೆ ಅಮ್ಮ ಉಳೀತಿದ್ಲೇನೋ ಅಲ್ವಾಪ್ಪ?" ಎಂದಳು. ತುತ್ತು ಕೆಳಗಿಟ್ಟೆ. ಅಂದು ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ. ಕ್ಲಿನಿಕ್ಕಿನಲ್ಲಿ ಹೇಳಿದ ಸುಳ್ಳು. ದೀಪ ಹಿಡಿಯಲು ಕೂಗಿ ಕರೆದದ್ದು.

ಸವಿತಾ ಎದುರಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನು ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ತಲೆಯೆತ್ತದೆ ಅಂದಳು.

"ಆ ರೂಮಿನ ಕಿಟಕಿ ಸಂದಿಗೆಲ್ಲ ನಾನು ಬಟ್ಟೆ ತುರುಕ್ತಿದ್ದೆ ಅಪ್ಪ. ದೂಳು ಬರ್ದಂಗೆ. ಅಮ್ಮ ಸೆಕೆ ಅಂತ ಬೇಡ್ಕೋತಿದ್ಲು, ಒಂದ್ ಕಿಟಕಿನಾದ್ರೂ ತೆಗಿಯೇ ಅಂತ. ನಾನು ತೆಗೀಲಿಲ್ಲ. ನೀನು ಪಕ್ಕದಲ್ಲೇ ಕೂತಿದ್ದೆ."

ಹೌದು, ಕೂತಿದ್ದೆ.

ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಅಳಿಯ ನನ್ನನ್ನು ಬಸ್ಸಿಗೆ ಬಿಟ್ಟ.

ಹುಡುಗರೇ, ಗನ್ ಹಿಡಿಯಿರಿ. ಒಳ್ಳೆಯ ಕೆಲಸವೇ. ಆದರೆ ಮನೆಯಲ್ಲಿ ಆ ಎರಡು ಡಬ್ಬಿಯ ಬಣ್ಣ ಹೊಡೆಯಬೇಡಿ. ಮೂಗನ್ನು ನಂಬಬೇಡಿ. ಯಾರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಡಿ. ಡಾಕ್ಟರು ಕೇಳಿದರೆ ಮಾಡುವ ಕೆಲಸ ಹೇಳಿ. ಕೇಳದಿದ್ದರೂ ಹೇಳಿ.

ಸವಿತಾ ಈಗಲೂ ಫೋನ್ ಮಾಡುತ್ತಾಳೆ, ಒಂದು ವಾರವೂ ತಪ್ಪಿಸಿಲ್ಲ. ಅವರಮ್ಮ ಹೆದರಿದಂತೆ ನನ್ನನ್ನು ಕೈಬಿಟ್ಟಿಲ್ಲ. "ಊಟ ಆಯ್ತಾ?" ಎಂದು ಕೇಳುತ್ತಾಳೆ. "ಆಯ್ತು" ಎನ್ನುತ್ತೇನೆ. ಮೊದಲೆಲ್ಲ ಅದಾದ ಮೇಲೆ ಏನು ಅಡುಗೆ ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅದಕ್ಕೆ ಉಪ್ಪು ಜಾಸ್ತಿ ಹಾಕ್ಬೇಡ ಎಂದು ಜಗಳವಾಡುತ್ತಿದ್ದಳು. ಈಗ "ಸರಿ, ಇಡ್ತೀನಿ" ಎನ್ನುತ್ತಾಳೆ.